ಚಿಗವ್ವ ಜಗಿದ ಅಕ್ಕಿ

ರಜಾಕಾರರ ಭಯಕ್ಕೆ ನಮ್ಮೂರು ಕಿಣ್ಣಿ ಸುಲ್ತಾನದಲ್ಲಿ ಹೆಂಗಸರ ಒಡವೆಗಳೆಲ್ಲ ಜೋಳದ ಹಗೇವಿಗೆ ಇಳಿದಿದ್ದ ದಿನಗಳವು. ನೆಲದಡಿಯ ಆ ಕಣಜದ ಬಾಯಿ ತೆರೆದರೆ ಬರುತ್ತಿದ್ದ ಹುಳಿಬಿಸಿ ವಾಸನೆ ಇನ್ನೂ ನನ್ನ ಮೂಗಿನಲ್ಲಿದೆ. ಇದೆ ಎಂದುಕೊಂಡಿದ್ದೇನೆ.

ಒಂದು ದಿನ ನಮ್ಮಜ್ಜಿ ಆಯಿಯ ಸೊಂಟದ ಬೆಳ್ಳಿ ಡಾಬಿನ ಗಂಟು ಅಲ್ಲಿ ಕಾಣಲಿಲ್ಲ. ಅಜ್ಜ ಮುತ್ಯಾ ಆಳಂದದಿಂದ ಶಾಸ್ತ್ರ ಹೇಳುವ ಮಳೆಕಪ್ಪನನ್ನು ಕರೆಸಿದ. ಅವನು ಎಲ್ಲರ ಅಂಗೈಗೂ ಹಿಡಿ ಒಣ ಅಕ್ಕಿ ಹಾಕಿದ.

“ನುಂಗಬ್ಯಾಡ್ರಿ, ಜಗದು ಉಗುಳ್ರಿ. ಕಳ್ಳರ ಬಾಯಾಗ ದೇವ್ರು ಜೊಲ್ಲು ಇಡಂಗಿಲ್ಲ.”

ಮುತ್ಯಾನ ದವಡೆಯಲ್ಲಿ ಎಲೆಅಡಿಕೆ ಇತ್ತು. ಅವನ ಅಕ್ಕಿ ಕೆಂಪು ಹಿಟ್ಟಾಗಿ ಬಂತು. ಕಾಕಾನನ್ನು ಮದುವೆಯಾಗಿ ವರ್ಷ ತುಂಬದ ಚಿಗವ್ವನ ಬಾಯಿಂದ ಉದುರಿದ್ದು ಒಣ ನುಚ್ಚು.

“ನಾ ತಗೊಂಡಿಲ್ರಿ ಆಯಿ, ನಿಮ್ಮ ಪಾದದಾಣೆ!”

“ಬಾಯಿ ಸುಳ್ಳು ಹೇಳ್ತದ ಬೇ, ಅಕ್ಕಿ ಹೇಳಂಗಿಲ್ಲ,” ಎಂದು ಮಳೆಕಪ್ಪ ನಕ್ಕ.

ಆಗಿನ್ನೂ ಚಿಕ್ಕವನಾಗಿದ್ದ ನನಗೆ ಬಿಸಿರೊಟ್ಟಿಗೆ ಶೇಂಗಾಹಿಂಡಿ ಸವರಿ ಕೊಡುತ್ತಿದ್ದವಳನ್ನು ಮರುದಿನವೇ ಬಂಡಿ ಹತ್ತಿಸಿ ಜೇವರ್ಗಿಯ ತವರಿಗೆ ಅಟ್ಟಿದರು. ಪೊಲೀಸ್ ಕಾರ್ಯಾಚರಣೆ ಮುಗಿದ ಮೇಲೆ ಹಗೇವು ಬರಿದಾಯಿತು. ಜೋಳ ತೆಗೆದಂತೆಲ್ಲ ಕೆಳಕ್ಕೆ ಜಾರಿದ್ದ ಗಂಟು ತಳದಲ್ಲಿತ್ತು. “ದೇವ್ರು ತಿರುಗಿ ಇಟ್ಟಾನ,” ಎಂದ ಮುತ್ಯಾ. ಅಷ್ಟರಲ್ಲಿ ಕಾಕಾನಿಗೆ ಇನ್ನೊಂದು ಮದುವೆಯಾಗಿತ್ತು.

ವಿಶ್ವವಿದ್ಯಾಲಯದಲ್ಲಿ ಓದುವಾಗ ಒಂದು ವಿಜ್ಞಾನದ ಪುಸ್ತಕ ಸಿಕ್ಕಿತು. ಯಾವ ಮಾತನ್ನೂ ಪುರಾವೆ ಕೇಳದೆ ನಂಬಬೇಡ ಎನ್ನುವ ಪುಸ್ತಕ. ಹೆದರಿದವರ ಬಾಯಿ ಒಣಗುತ್ತದೆ, ಕದ್ದಿರಲಿ ಬಿಡಲಿ ಎಂದು ಅದರ ಒಂದು ಪುಟದಲ್ಲಿತ್ತು. ಆ ಪುಟವನ್ನು ಹಿಡಿದು ಆಳಂದಕ್ಕೆ ಹೋದೆ. ಸಂತೆಯ ದಿನ, ಜನರ ನಡುವೆ, ಮುದಿ ಮಳೆಕಪ್ಪನ ಕೈಗೆ ಅಕ್ಕಿ ಹಾಕಿ, “ಜಗಿ” ಎಂದೆ. ಒಣ ನುಚ್ಚೇ ಬಂತು.

“ಏನು ಕದ್ದೀದಿ ಮಳೆಕಪ್ಪ?”

ಸಂತೆ ನಕ್ಕಿತು. ಅವನು ತಲೆ ಎತ್ತಲಿಲ್ಲ. ಆ ಸುಖಕ್ಕೆ ನಾನು ಇಂದಿಗೂ ನಾಚಿಲ್ಲ.

ಅದೇ ಉಬ್ಬಿನಲ್ಲಿ ಜೇವರ್ಗಿಗೆ ಹೋಗಿ ಚಿಗವ್ವನಿಗೆ ಎಲ್ಲ ಹೇಳಿದೆ. ಅವಳು ಅಕ್ಕಿ ಹಸನು ಮಾಡುತ್ತ ಕೇಳಿದಳು.

“ಛಲೋ ಮಾಡ್ದಿ. ಅಂವಗ ಮೊದಲ ನನ್ನ ಹೆಸರು ಹೇಳಿದ್ದು ಯಾರು, ಗೊತ್ತದೇನು?”

“ಯಾರು?”

“ನೀನೇ ಲೇ. ಬೆಲ್ಲ ಕೊಟ್ಟು ಕೇಳಿದ. ‘ಚಿಗವ್ವ ಹಗೇವಿನಾಗ ಇಳಿದಿದ್ಳು’ ಅಂದಿ. ಜೋಳಕ್ಕ ದಿನಾ ನಾನೇ ಇಳೀತಿದ್ದೆ. ಅಕ್ಕಿ ಕೊಡೂ ಮುಂದ ಅಂವ ನನ್ನೇ ದುರುಗುಟ್ಟಿ ನೋಡ್ದ.”

ನನಗದು ನೆನಪಿಲ್ಲ. ನೆನಪು ತನಗೆ ಬೇಡವಾದದ್ದನ್ನು ಅಳಿಸುತ್ತದೆ ಎಂಬ ಅಧ್ಯಾಯವೂ ಆ ಪುಸ್ತಕದಲ್ಲಿತ್ತು. ಮಳೆಕಪ್ಪನ ಪುಟ ಸಿಕ್ಕ ಖುಷಿಯಲ್ಲಿ ನಾನು ಅದನ್ನು ದಾಟಿ ಹೋಗಿದ್ದೆ. ಅಂಥ ಪುಸ್ತಕ ಸಿಕ್ಕರೆ ತಪ್ಪದೆ ಓದಿ. ಆ ಅಧ್ಯಾಯವನ್ನೇ ಮೊದಲು ಓದಿ.

ಅವಳ ಮೊರದಿಂದ ಚಿಟಿಕೆ ಅಕ್ಕಿ ಎತ್ತಿ ಜಗಿದೆ. ಬಾಯಲ್ಲಿ ಒಣಗಿಯೇ ಉಳಿಯಿತು. ಅದು ಯಾವುದಕ್ಕೂ ಪುರಾವೆಯಲ್ಲ ಎಂದು ನನಗೆ ಗೊತ್ತು. ಚಿಗವ್ವ ತಂಬಿಗೆ ನೀರು ಮುಂದಿಟ್ಟಳು.

ಹಗೇವನ್ನು ಈಗ ಮುಚ್ಚಿಸಿದ್ದಾರೆ. ಡಾಬು ನಮ್ಮ ಮನೆಯಲ್ಲೇ ಇದೆ. ಕಳೆದದ್ದು ಚಿಗವ್ವ ಒಬ್ಬಳೇ.