ಖಾಲಿ ಪೈಪಿನ ಸೇಡು

ಓಣಿಯಲ್ಲಿ ಎಲ್ಲರೂ ಆ ಎಲೆಕ್ಟ್ರಿಷಿಯನ್ನನ್ನು 'ದಪ್ಪತಂತಿ' ಎಂದೇ ಕರೆಯುತ್ತಿದ್ದರು. ಆಳು ನೋಡಿದರೆ ಫ್ಯಾನ್ ಹಾಕಿದರೆ ಹಾರಿಹೋಗುವಷ್ಟು ತೆಳ್ಳಗೆ. ಹೆಸರಿಟ್ಟವನು ಅವನ ಅಕ್ಕನ ಗಂಡ.

ಹನ್ನೆರಡು ವರ್ಷದ ಹಿಂದೆ ಭಾವ ಮನೆ ಕಟ್ಟಿಸುವಾಗ ವೈರಿಂಗ್ ಇವನದೇ. "ಮುಂದೆ ಗೀಸರ್, ಏಸಿ ಅಂತ ಏನೇನೋ ಬರುತ್ತೆ ಭಾವ. ಈಗ್ಲೇ ದಪ್ಪ ತಂತಿ ಹಾಕ್ಬಿಡೋಣ" ಎಂದಿದ್ದ.

ಗಾರೆಯವರು, ಬಡಗಿ ಎಲ್ಲರೂ ನೋಡುತ್ತಿರುವಂತೆಯೇ ಭಾವ ಹೊಟ್ಟೆ ಹಿಡಿದುಕೊಂಡು ನಕ್ಕ. "ಲೋ, ನಾನು ಕಟ್ಟಿಸ್ತಿರೋದು ಮನೆ, ಕಾರ್ಖಾನೆ ಅಲ್ಲ! ದಪ್ಪ ತಂತಿಯಂತೆ! ತೆಳ್ಳಂದೇ ಎಳಿ."

ಎಳೆದ. ಹಲ್ಲು ಕಚ್ಚಿಕೊಂಡು ಎಳೆದ. ಆದರೆ ಗಾರೆ ಮೆತ್ತುವ ಮುನ್ನ, ಮೀಟರಿನಿಂದ ಅಡುಗೆಮನೆ, ಬಚ್ಚಲು ದಾಟಿ ಕಾರ್ ಶೆಡ್ಡಿನವರೆಗೆ ಒಂದು ದೊಡ್ಡ ಖಾಲಿ ಪೈಪನ್ನು ಗೋಡೆಯೊಳಗೆ ಹೂತಿಟ್ಟ. ಮುಂದೆಂದಾದರೂ ತಂತಿ ಎಳೆಯಲು. ಪೈಪಿನ ಬಾಯಿಗೆ ಮುಚ್ಚಳ ಹಾಕಿ, ತನ್ನ ಬಾಯಿಗೂ ಹಾಕಿಕೊಂಡ. 'ಬಂದು ಗೋಗರೀಲಿ, ಆಮೇಲೆ ಹೇಳ್ತೀನಿ.'

ಅಂದಿನಿಂದ ಆ ಮನೆಯಲ್ಲಿ ಗೀಸರ್ ಹಾಕಿದರೆ ಮಿಕ್ಸಿ ಇಲ್ಲ, ಇಸ್ತ್ರಿಪೆಟ್ಟಿಗೆ ಹಚ್ಚಿದರೆ ಗೀಸರ್ ಇಲ್ಲ. ಫ್ಯೂಸ್ ಹೋದ ಸುದ್ದಿ ಬಂದಾಗಲೆಲ್ಲ ದಪ್ಪತಂತಿಯ ಹೊಟ್ಟೆ ತಣ್ಣಗಾಗುತ್ತಿತ್ತು.

ಮೊನ್ನೆ ಭಾವ ಕರೆಂಟ್ ಕಾರು ತಂದ. ಚಾರ್ಜಿಗಿಟ್ಟ ಮೊದಲ ದಿನವೇ ಬೋರ್ಡು ಹೊಗೆಯಾಡಿತು. ಗೋಗರೆಯುವ ಫೋನೂ ಬಂತು.

ದಪ್ಪತಂತಿಗೆ ಅಷ್ಟು ಸಾಲಲಿಲ್ಲ. ಭಾವ ಹೋದ ವರ್ಷವಷ್ಟೇ ಅಡುಗೆಮನೆಗೆ ಹಾಕಿಸಿದ್ದ ಟೈಲ್ಸ್ ಮೇಲೆ ಕೆಂಪು ಚಾಕಿನಿಂದ ಉದ್ದಕ್ಕೂ ಗೆರೆ ಎಳೆದ.

"ಇಷ್ಟೂ ಒಡೀಬೇಕು ಭಾವ."

"ಬೇರೆ ದಾರೀನೇ ಇಲ್ವೇನೋ?"

"ಕಾರ್ಖಾನೆ ಆಗಿದ್ರೆ ಇರ್ತಿತ್ತು" ಎಂದು ಉಳಿ ಸುತ್ತಿಗೆಯನ್ನು ಭಾವನ ಕೈಗೇ ಕೊಟ್ಟ.

ಭಾವ ಅಳುಮುಖ ಮಾಡಿಕೊಂಡು ಹೊಡೆದ. ಒಂದು ಟೈಲ್ ಬಿತ್ತು, ಎರಡು ಬಿದ್ದವು. ದಪ್ಪತಂತಿಗೆ ಸುಖವೋ ಸುಖ! ಮೂರನೆಯದು ಬಿದ್ದಾಗ ಗಾರೆಯೊಳಗಿಂದ ಪೈಪು ಇಣುಕಿತು. ಸೇಡಿನ ಸಡಗರದಲ್ಲಿದ್ದ ದಪ್ಪತಂತಿಯ ಕೈ, ಕಸುಬಿನ ಅಭ್ಯಾಸಬಲದಿಂದ, ತಾನೇ ಹೂತ ದಾರಿಯ ಮೇಲೆಯೇ ಗೆರೆ ಎಳೆದಿತ್ತು.

ಅಕ್ಕ ಬಂದು ಬಗ್ಗಿ ನೋಡಿದಳು. "ಖಾಲಿ ಪೈಪು! ಯಾವಾಗಿಂದ ಇದೆಯೋ ಇದು?"

"ಮನೆ... ಕಟ್ಟಿದಾಗಿಂದ."

"ಇವರಿಗೆ ಆಫೀಸಿಗೆ ಹೊತ್ತಾಗುತ್ತೆ ಅಂತ ಬಿಸಿನೀರು ಇವರಿಗೆ. ಆಮೇಲೆ ಅಡುಗೆಗೆ ಮಿಕ್ಸಿ. ಹನ್ನೆರಡು ವರ್ಷ ತಣ್ಣೀರು ಸುರ್ಕೊಂಡಿದ್ದು ನಾನು ಕಣೋ! ಸೇಡು ತೀರಿಸ್ಕೊಂಡಿದ್ದು ಯಾರ ಮೇಲೆ?"

ಭಾವ ನಗಲು ಹೊರಟವನು ಹೆಂಡತಿಯ ಮುಖ ನೋಡಿ ನುಂಗಿಕೊಂಡ.

ಅಕ್ಕ ಹೋಗಿ ಮೇನ್ ಸ್ವಿಚ್ ಆರಿಸಿ, ಅದರ ಕೆಳಗೇ ಕುರ್ಚಿ ಹಾಕಿಕೊಂಡು ಕೂತಳು. "ದಪ್ಪ ತಂತಿ ಎಳೆದು ಮುಗಿಸೋವರೆಗೂ ಫ್ಯಾನೂ ಇಲ್ಲ, ಕಾಫಿಯೂ ಇಲ್ಲ. ಇಬ್ಬರಿಗೂ!"

ಒಂದು ತುದಿಯಲ್ಲಿ ಭಾವ, ಇನ್ನೊಂದರಲ್ಲಿ ದಪ್ಪತಂತಿ, ಬೆವರು ಸುರಿಸುತ್ತ ಸಂಜೆಯವರೆಗೂ ಎಳೆದರು. ಮೊದಲ ಬಿಸಿನೀರು ಯಾರಿಗೆಂದು ಕೇಳುವ ಧೈರ್ಯ ಇಬ್ಬರಿಗೂ ಬರಲಿಲ್ಲ.