ಹೆಸರು ಬಿಟ್ಟ ಅರ್ಜಿ

ವೋಟರ್ ಕಾರ್ಡ್ ಹುಡುಕುತ್ತಿದ್ದೆ. ಬೀರುವಿನ ಕೆಳಖಾನೆಯ ಪ್ಲಾಸ್ಟಿಕ್ ಕವರಿನಿಂದ ನೀಲಿ ಅಕ್ಷರದ ಕಾರ್ಬನ್ ಕಾಪಿಯೊಂದು ಜಾರಿ ಬಿತ್ತು. ಮೂಗಿಗೆ ಹಿಡಿದೆ. ಮಸಿಯ ವಾಸನೆ, ಅದರೊಳಗೆ ಎಲೆಅಡಿಕೆಯದೂ ಒಂಚೂರು ಇತ್ತೋ, ನನ್ನ ಭ್ರಮೆಯೋ... ಹೊನ್ನಾಳಿಯ ತಾಲ್ಲೂಕು ಕಚೇರಿ ಎದುರಿನ ಬೇವಿನ ಮರ ಕಣ್ಣಮುಂದೆ ಬಂತು.

ಆ ಮರದ ಕೆಳಗೆ ಮೆಷಿನ್ ಇಟ್ಟುಕೊಂಡು, ಎಲೆಅಡಿಕೆ ಜಗಿಯುತ್ತ ಜನರ ಅರ್ಜಿ ಹೊಡೆದುಕೊಡುತ್ತಿದ್ದವರನ್ನು ಎಲ್ಲರೂ ‘ಟೈಪಿನವರು’ ಅಂತಲೇ ಕರೆಯುತ್ತಿದ್ದರು. ನಾನಾಗ ಜಗಳೂರಿನ ಆಸ್ಪತ್ರೆಯಲ್ಲಿ ನರ್ಸ್. ಮನೆ ಗೋವಿನಕೋವಿಯಲ್ಲಿ. ಅತ್ತೆಗೆ ಲಕ್ವ ಹೊಡೆದು ಹಾಸಿಗೆ ಹಿಡಿದಿದ್ದರು. ನಮ್ಮ ಯಜಮಾನರು ಬಸ್ ಕಂಡಕ್ಟರು, ಮನೆಗೆ ಬರುತ್ತಿದ್ದದ್ದು ಎರಡು ದಿನಕ್ಕೊಮ್ಮೆ. ನಾನು ಮೊದಲ ಬಸ್ಸಿಗೆ ಹೊನ್ನಾಳಿ, ಅಲ್ಲಿಂದ ದಾವಣಗೆರೆ, ಮತ್ತೆ ಜಗಳೂರು ಅಂತ ಬಸ್ಸು ಬದಲಿಸುವಷ್ಟರಲ್ಲಿ ಅತ್ತೆಯ ಹಾಸಿಗೆ ಒದ್ದೆಯಾಗಿರುತ್ತಿತ್ತು. ಅದನ್ನು ಬದಲಿಸಲು ಸಂಜೆ ನಾನೇ ಬರಬೇಕು. ಪಕ್ಕದ ನ್ಯಾಮತಿಗೆ ವರ್ಗವಾದರೆ ಸಾಕಿತ್ತು. ಅದಕ್ಕೇ ಟೈಪಿನವರ ಹತ್ತಿರ ಅರ್ಜಿ ಹೊಡೆಸಲು ಹೋದೆ.

ವಿಧಾನಸಭೆಗೆ ವೋಟು ಮುಗಿದಿತ್ತು, ಎಣಿಕೆ ಆಗಿರಲಿಲ್ಲ. ಆ ನಡುವಿನ ದಿನಗಳಿಗೆ ಟೈಪಿನವರದೊಂದು ಪದ್ಧತಿ ಇತ್ತು. ಶಾಸಕರಿಗೆ ಕೊಡುವ ಅರ್ಜಿಯನ್ನೆಲ್ಲ ಹೊಡೆದು, ಮೇಲೆ ‘ಮಾನ್ಯ’ ಅಂತ ಹಾಕಿ, ಹೆಸರಿನ ಜಾಗ ಖಾಲಿ ಬಿಡುವುದು. ಕಾರ್ಬನ್ ಕಾಪಿ ನಮ್ಮ ಕೈಗೆ, ಅಸಲು ಅವರ ಟ್ರಂಕಿಗೆ. ಗೆದ್ದವರು ಯಾರೆಂದು ತಿಳಿದ ಮೇಲೆ ಅಸಲಿನಲ್ಲಿ ಹೆಸರು ತುಂಬುವುದು. ಗೆಲ್ಲುವವರು ಯಾರಂತ ಊರಿಗೇ ಗೊತ್ತಿದೆಯಲ್ಲ, ಹಾಕಿಬಿಡಿ ಅಂತ ನಾನು ಅವಸರ ಮಾಡಿದೆ.

“ಸೂಜಿ ಚುಚ್ಚಾಕೆ ಮುಂಚೆ ನರ ಹುಡುಕ್ತೀರೋ ಇಲ್ಲೋ ಸಿಸ್ಟರ್? ನನ್ನ ಕೆಲಸಾನೂ ಹಂಗೇ ಐತೆ. ತಡೀರಿ,” ಅಂದರು.

ಎಣಿಕೆಯ ದಿನ ರಜೆ ಹಾಕಿ ಹೋದೆ. ನನ್ನಂಥವರೇ ಹತ್ತಾರು ಜನ ಮೆಷಿನ್ ಸುತ್ತ ನಿಂತಿದ್ದರು. ಊರಿನವರು ಅಂದುಕೊಂಡವರೇ ಗೆದ್ದರು, ಪಟಾಕಿ ಸಿಡಿಯಿತು. ಆದರೆ ರಾಜ್ಯದಲ್ಲಿ ಸರ್ಕಾರ ಬದಲಾಗಿತ್ತು. ಬರುವ ಸರ್ಕಾರ ನಮ್ಮಲ್ಲಿ ಸೋತವರ ಕಡೆಯದು ಅಂತ ಸುದ್ದಿ ಬಂತು. ಗೆದ್ದವರ ಹೆಸರು ಹಾಕಿ ಅಂತ ಕೆಲವರು; ಸೋತರೇನು, ಇನ್ನು ನಡೆಯೋದು ಅವರ ಮಾತೇ ಅಂತ ಕೆಲವರು. ಇಬ್ಬರದೂ ಅರ್ಧರ್ಧ ಹೆಸರು ಹಾಕ್ರಿ ಅಂತ ಯಾರೋ ನಗಿಸಿದರು. ನನಗೆ ನಗು ಬರಲಿಲ್ಲ.

ಟೈಪಿನವರು ಕನ್ನಡಕ ತೆಗೆದು ಪಂಚೆಯ ಅಂಚಿನಲ್ಲಿ ಒರೆಸಿದರು.

“ಇಷ್ಟು ವರ್ಷ ಹೊಡ್ದೀನಿ, ಇವತ್ತು ಯಾರ ಹೆಸರು ಹಾಕ್ಬೇಕು ಅಂತ ನಂಗೇ ತಿಳೀತಿಲ್ಲ. ನಿಮ್ದು ಇಲ್ಲೇ ಇರ್ಲಿ ಸಿಸ್ಟರ್. ನೀವು ಹೋಗಿ ಅತ್ತೇನ ನೋಡ್ಕಳ್ರಿ.”

ಶ್ರಾವಣದ ಹೊತ್ತಿಗೆ ನ್ಯಾಮತಿಗೆ ಆರ್ಡರ್ ಬಂತು. ಗೆದ್ದವರ ಮನೆಗೆ ಪೇಡೆ ಕೊಟ್ಟೆ. ನಾವೇ ಮಾಡಿಸಿದ್ದು ಅಂದರು. ಸೋತವರ ಮನೆಗೂ ಕೊಟ್ಟೆ. ಅವರೂ ಅದನ್ನೇ ಅಂದರು. ಯಾವುದು ನಿಜ ಅಂತ ಟೈಪಿನವರನ್ನು ಕೇಳಿದೆ. ಅತ್ತೆ ಈಗ ಎದ್ದು ಕೂರ್ತಾರಾ ಅಂತ ಅವರೇ ನನ್ನನ್ನು ಕೇಳಿದರು. ಮುಂದಿನ ಬಸ್ಸಿಗೆ ಹೊತ್ತಾಗಿತ್ತು, ಇನ್ನೊಮ್ಮೆ ವಿಚಾರಿಸಿದರಾಯಿತು ಅಂತ ಬಂದುಬಿಟ್ಟೆ... ಅತ್ತೆ ಮತ್ತೆರಡು ವರ್ಷ ಇದ್ದರು. ಮಧ್ಯಾಹ್ನ ಓಡಿಬಂದು ನಾನೇ ಅನ್ನ ಕಲಸಿ ಉಣಿಸುತ್ತಿದ್ದೆ.

ಟೈಪಿನವರು ತೀರಿಕೊಂಡ ಸುದ್ದಿ ನನಗೆ ಸಿಕ್ಕಿದ್ದು ತಡವಾಗಿ. ಮರದ ಕೆಳಗೆ ಈಗ ಬೈಕು ನಿಲ್ಲಿಸುತ್ತಾರೆ.

ಅಸಲಿನಲ್ಲಿ ಯಾರ ಹೆಸರು ಹಾಕಿದರೋ, ಅಥವಾ ಯಾರದೂ ಹಾಕದೆ ತಾವೇ ಹಿಡಿದುಕೊಂಡು ಕಚೇರಿ ಕಚೇರಿ ಅಲೆದರೋ, ಇವತ್ತಿಗೂ ತಿಳಿಯದು. ಎರಡು ಮನೆಗೆ ಪೇಡೆ ಹೊತ್ತವಳು ಆ ಮರದ ಕೆಳಗೆ ಬರಿಗೈಲಿ ಹೋಗಿದ್ದೆ. ಕಾಪಿಯಲ್ಲಿ ‘ಮಾನ್ಯ’ದ ಮುಂದೆ ಜಾಗ ಹಾಗೇ ಇದೆ. ಟೈಪಿನವರ ಹೆಸರನ್ನೇ ಬರೆದಿಡೋಣ ಅಂತ ಪೆನ್ನು ತೆಗೆದುಕೊಂಡೆ. ಏನಂತ ಬರೆಯಲಿ? ಒಂದು ದಿನವೂ ಅವರ ಹೆಸರು ಕೇಳಿರಲಿಲ್ಲ.