ಕರೌಸಿಯಸ್‌ನ ನಾಣ್ಯವೂ ಕುಂಬಳೆಯ ಅಜ್ಜನೂ

ಮಲಯಾಳ ಸೀಮೆಯ ಶ್ರೀಕಾರ್ಯಂನ ಬ್ಯಾಂಕೊಂದರಲ್ಲಿ ಕೆಲಸಕ್ಕಿದ್ದ ಸೌದಾಮಿನಿಗೆ ಸಾವಿರದ ಏಳುನೂರು ವರ್ಷ ಹಿಂದಿನ ಒಬ್ಬ ರಾಜನ ಹುಚ್ಚು. ಅವನ ಹೆಸರು ಕರೌಸಿಯಸ್. ದೋಣಿ ನಡೆಸಿ ಬೆಳೆದವನು, ರೋಮಿನ ನೌಕಾಪಡೆಗೆ ದಳಪತಿಯಾದ. ಕಡಲ್ಗಳ್ಳರಿಂದ ಕಸಿದದ್ದನ್ನು ತಾನೇ ನುಂಗಿದನೆಂದು ಚಕ್ರವರ್ತಿ ಅವನ ತಲೆ ತೆಗೆಯಲು ಹೇಳಿದಾಗ ಬ್ರಿಟನ್ನಿಗೆ ಹೋಗಿ ತಾನೇ ಚಕ್ರವರ್ತಿಯೆಂದು ಸಾರಿಕೊಂಡ. ಅವನ ನಾಣ್ಯಗಳನ್ನು ಸೌದಾಮಿನಿ ಒಂದೊಂದಾಗಿ ಕೂಡಿಸಿದ್ದಳು. ಎಲ್ಲ ಹಸಿರುಗಟ್ಟಿದ ತಾಮ್ರದವು. ದಪ್ಪ ಕತ್ತು, ಗಡ್ಡ, ಹಿಂಬದಿಯಲ್ಲಿ ಶಾಂತಿದೇವತೆ. ಮಗುವಿನ ಉಗುರು ಕತ್ತರಿಸುವಷ್ಟೇ ಜೋಪಾನವಾಗಿ ಅಂಚು ಹಿಡಿದು ನೋಡುವಳು. ಲಂಡನ್ನಿನ ವ್ಯಾಪಾರಿಯಿಂದ ಪೊಟ್ಟಣ ಬಂದಾಗಲೆಲ್ಲ ತುಂಬಾದ ರಾಕೆಟ್ ಕೇಂದ್ರದಲ್ಲಿ ಕೆಲಸ ಮಾಡುವ ಗಂಡ ಪ್ರಜ್ವಲ್, “ನಿನ್ನ ಗಡ್ಡದವ ಬಂದಿದ್ದಾನೆ. ಸಹಿ ಹಾಕಿ ಒಳಗೆ ಕರ್ಕೊಂಡೆ” ಎನ್ನುತ್ತಿದ್ದ.

ತಿಂಗಳಿಗೊಂದು ಭಾನುವಾರ ಕೊಚ್ಚಿಯಲ್ಲಿ ನಾಣ್ಯ ಸಂಗ್ರಾಹಕರು ಸೇರುತ್ತಿದ್ದರು. ಮಗಳು ಸಮೀಕ್ಷಾಳನ್ನು ಕರೆದುಕೊಂಡು ಅವಳೂ ಬೆಳಗಿನ ರೈಲು ಹತ್ತುವಳು. ಅಲ್ಲಿ ಒಂದು ಪದ್ಧತಿ. ನಾಣ್ಯವನ್ನು ಮೇಜಿನ ಮೇಲಿಡುವ ಮೊದಲು ಅದು ಬಂದ ದಾರಿ ಹೇಳಬೇಕು. ಒಬ್ಬರು ಬಾವಿ ತೋಡುವಾಗ ಸಿಕ್ಕಿತು ಎಂದರೆ ಇನ್ನೊಬ್ಬರು ಅಜ್ಜಿಯ ಎಲೆಯಡಿಕೆ ಪೆಟ್ಟಿಗೆಯಲ್ಲಿತ್ತು ಎನ್ನುವರು. ಸೌದಾಮಿನಿಗೆ ಹೇಳಲಿಕ್ಕಿದ್ದದ್ದು ಕೊರಿಯರ್ ಮಾತ್ರ.

“ಹಾಗಾದ್ರೆ ಆ ಕೊರಿಯರಿನವನಿಗೂ ಒಂದು ಕುರ್ಚಿ ಹಾಕಬೇಕಲ್ಲ ಮಾರಾಯ್ರೆ! ತಂದದ್ದು ಅವನೇ ಅಲ್ವ?” ಎಂದರು ಕಾಸರಗೋಡು ಕಡೆಯ ವಕೀಲ ಹರಿನಾರಾಯಣ. ಮೇಜಿನ ಸುತ್ತ ನಗು ಎದ್ದಿತು. ಅವಳೂ ನಕ್ಕಳು. ಕಿವಿ ಮಾತ್ರ ಬಿಸಿಯಾಗಿತ್ತು.

ಮುಂದಿನ ಸಭೆಯಲ್ಲಿ ಹೊಸದೊಂದು ಕರೌಸಿಯಸ್ ನಾಣ್ಯ ಹಿಡಿದು ನಿಂತಾಗ ಅವಳ ಬಾಯಿಂದ ಬೇರೆಯೇ ಮಾತು ಬಂತು. “ಇದು ನಮ್ಮ ಅಜ್ಜನದು. ಕುಂಬಳೆಯಲ್ಲಿ ಹೊಳೆಬದಿಯ ಗದ್ದೆ ಅಗೆಯುವಾಗ ಸಿಕ್ಕಿದ್ದಂತೆ.”

ಎಲ್ಲರೂ ಮೇಜಿನತ್ತ ಬಾಗಿದರು. ಈ ಕರಾವಳಿಯಲ್ಲಿ ಸಿಕ್ಕ ರೋಮಿನ ನಾಣ್ಯಗಳು ಹೆಚ್ಚಾಗಿ ಕರೌಸಿಯಸ್‌ಗಿಂತ ಬಹಳ ಹಿಂದಿನ ದೊರೆಗಳ ಬೆಳ್ಳಿ, ಬಂಗಾರ. ಬ್ರಿಟನ್ನಿನ ಬಂಡುಕೋರನ ತಾಮ್ರ ಕುಂಬಳೆಗೆ ಬಂದದ್ದು ಹೌದಾದರೆ ಅದು ಸಣ್ಣ ಸಂಗತಿಯಲ್ಲ. ಇದು ಆ ಕೋಣೆಯಲ್ಲಿ ಎಲ್ಲರಿಗಿಂತ ಚೆನ್ನಾಗಿ ಗೊತ್ತಿದ್ದದ್ದು ಸೌದಾಮಿನಿಗೇ.

“ಹೌದಾ ಮಗಾ?” ಎಂದು ಎದ್ದೇ ನಿಂತರು ಕೌಸಲ್ಯಕ್ಕ. ಉಡುಪಿಯಿಂದ ಕೊಚ್ಚಿಗೆ ಮದುವೆಯಾಗಿ ಬಂದು, ಚರಿತ್ರೆ ಪಾಠ ಹೇಳಿ ನಿವೃತ್ತರಾದವರು. ಸಭೆಗೆ ಬರುವಾಗಲೆಲ್ಲ ಸಮೀಕ್ಷಾಳಿಗೆಂದು ಅರಸಿನ ಎಲೆಯ ಕಡುಬು ತರುವವರು. ಸೌದಾಮಿನಿ ಹೌದೆಂದು ತಲೆಯಾಡಿಸಿದಳು. ಅಂದು ಹರಿನಾರಾಯಣರೇ ಅವಳಿಗೆ ಕುರ್ಚಿ ಎಳೆದುಕೊಟ್ಟರು.

ಕೌಸಲ್ಯಕ್ಕ ಆ ಮಾತನ್ನು ಅಲ್ಲಿಗೇ ಬಿಡಲಿಲ್ಲ. ಒಂದು ಸಂಜೆ ಹೇಳದೆ ಕೇಳದೆ ಸೌದಾಮಿನಿಯ ಮನೆಬಾಗಿಲಿಗೆ ಬಂದರು. ಮುಖ ಬಿಸಿಲಿಗೆ ಕಂದಿತ್ತು, ಕಾಲು ಊದಿಕೊಂಡಿತ್ತು.

“ಕುಂಬಳೆಗೆ ಹೋಗಿ ನೇರ ಇಲ್ಲಿಗೇ ಬಂದೆ ಮಾರಾಯ್ತಿ. ಹೊಳೆಬದಿಯಲ್ಲಿ ಮನೆಮನೆ ಹತ್ತಿ ಇಳಿದೆ. ನಿನ್ನ ಅಜ್ಜನ ಗದ್ದೆ ಯಾವುದೆಂದು ಒಬ್ಬರಿಗೂ ಗೊತ್ತಿಲ್ಲ. ಇರಲಿ, ಮರೆತಿರಬಹುದು. ಬರುವ ಭಾನುವಾರ ಸಭೆಯಲ್ಲಿ ನಾನೇ ಇದರ ಬಗ್ಗೆ ಮಾತಾಡ್ತೇನೆ. ಪುರಾತತ್ವದವರನ್ನೂ ಕರೆದಿದ್ದೇನೆ.”

ಸೌದಾಮಿನಿ ನೀರು ತರಲು ಒಳಗೆ ಹೋದಳು. ಲೋಟ ತುಂಬಿ ಚೆಲ್ಲಿದರೂ ನಲ್ಲಿ ನಿಲ್ಲಿಸಲು ಅವಳಿಗೆ ನೆನಪಾಗಲಿಲ್ಲ. ಬಾಯಿ ಮುಚ್ಚಿಕೊಂಡಿದ್ದರೆ ಭಾನುವಾರ ಈ ಹೆಂಗಸು ಕಂಡವರೆದುರು ನಗೆಪಾಟಲಾಗುತ್ತಾರೆ. ಬಾಯಿ ಬಿಟ್ಟರೆ ಈ ಸೀಮೆಯಲ್ಲಿ ತನ್ನನ್ನು ‘ಮಗಾ’ ಎನ್ನುವವರು ಇನ್ನು ಯಾರೂ ಇರುವುದಿಲ್ಲ.

ಲೋಟ ಕೊಟ್ಟು ನೆಲದಲ್ಲೇ ಕೂತಳು.

“ಅಕ್ಕಾ, ಅಜ್ಜನಿಗೆ ಗದ್ದೆಯೇ ಇರಲಿಲ್ಲ. ಅವರು ಕೋರ್ಟಿನಲ್ಲಿ ಗುಮಾಸ್ತ. ಅದು ಲಂಡನ್ನಿಂದ ತರಿಸಿದ್ದು.”

ಕೌಸಲ್ಯಕ್ಕ ನೀರು ಪೂರ್ತಿ ಕುಡಿದರು. ಲೋಟ ಕೆಳಗಿಟ್ಟರು.

“ಎಂತಕ್ಕೆ?”

“ಅವರು ನಕ್ಕದ್ದಕ್ಕೆ.”

“ನಾನು ನಕ್ಕಿದ್ದೆನಾ?”

ಅಂದು ಕೌಸಲ್ಯಕ್ಕ ನಕ್ಕಿರಲಿಲ್ಲ.

“ನನ್ನೊಬ್ಬಳ ಹತ್ತಿರ ಹೇಳಿದ್ದು ಸಾಲದು. ಅಲ್ಲಿ ನಿಂತು ಹೇಳು” ಎಂದು ಅವರು ಎದ್ದರು. ಊಟ ಮಾಡಿ ಹೋಗಿ ಎಂದರೂ ನಿಲ್ಲಲಿಲ್ಲ. ಆಟೋದವರೆಗೆ ಕೈಹಿಡಿದು ನಡೆಸಲು ಹೋದಾಗ ಕೈ ಮೆಲ್ಲನೆ ಬಿಡಿಸಿಕೊಂಡರು.

ಭಾನುವಾರ ಕೊಚ್ಚಿಯಲ್ಲಿ ಸೌದಾಮಿನಿ ಅದೇ ನಾಣ್ಯ ಹಿಡಿದು ನಿಂತಳು. “ಇದು ಲಂಡನ್ನಿನ ವ್ಯಾಪಾರಿಯಿಂದ ಬಂದದ್ದು. ಅಜ್ಜನ ಕತೆ ಸುಳ್ಳು. ಕೌಸಲ್ಯಾ ಟೀಚರ್ ಅದನ್ನು ನಂಬಿ ಕುಂಬಳೆವರೆಗೆ ಅಲೆದರು. ತಪ್ಪು ನನ್ನದು.” ಮಾತು ತಯಾರು ಮಾಡಿಕೊಂಡೇ ಬಂದಿದ್ದಳು. ಹೇಳಿ ಮುಗಿಸಿ ನಾಣ್ಯವನ್ನು ತಟ್ಟೆಯಲ್ಲಿಟ್ಟಳು. ಯಾರೂ ನಗಲಿಲ್ಲ. ನಕ್ಕಿದ್ದರೆ ವಾಸಿಯಿತ್ತು. ಹರಿನಾರಾಯಣರು ಕನ್ನಡಕ ಒರೆಸುತ್ತ ಕೂತರು. ಪುರಾತತ್ವದವರೊಬ್ಬರು ಗಡಿಯಾರ ನೋಡಿಕೊಂಡರು. ಕೌಸಲ್ಯಕ್ಕ ಆ ತುದಿಯಲ್ಲಿದ್ದರು. ನಾಣ್ಯದ ತಟ್ಟೆ ಸುತ್ತು ಬಂದಾಗ ಎತ್ತಿ, ಎರಡೂ ಬದಿ ನೋಡಿ, ಪಕ್ಕದವರಿಗೆ ದಾಟಿಸಿದರು. ಅವಳತ್ತ ತಿರುಗಲಿಲ್ಲ.

ತಿರುಗಿ ಬರುವ ರೈಲಿನಲ್ಲಿ ಸಮೀಕ್ಷಾ ಮಲಯಾಳದಲ್ಲಿ ಕೇಳಿದಳು, ಕಡುಬಿನ ಅಜ್ಜಿ ಇವತ್ತು ಯಾಕೆ ನಮ್ಮ ಹತ್ತಿರ ಕೂರಲಿಲ್ಲ ಎಂದು.

ಕುರ್ಚಿ ಖಾಲಿ ಇರಲಿಲ್ಲ ಎಂಬ ಮಾತು ಸೌದಾಮಿನಿಯ ನಾಲಿಗೆಯ ತುದಿಗೆ ಬಂದಿತ್ತು.

“ನಾನು ಅವರಿಗೆ ಸುಳ್ಳು ಹೇಳಿದ್ದೆ ಪುಟ್ಟೀ. ಅದಕ್ಕೆ ಬೇಸರ.”

“ಇನಿ ವರುಮೋ?” ಇನ್ನು ಬರ್ತಾರಾ?

“ಗೊತ್ತಿಲ್ಲ” ಎಂದು ಅವಳು ಮಗಳ ಕೈ ಒರೆಸಿ ಬುತ್ತಿ ಬಿಚ್ಚಿದಳು.